ನೌಕರಿ ಗಟ್ಟಿ, ಊರು ಕಂಪನಿ ಹೇಳಿದ್ದು: ಜಪಾನಿನ ವರ್ಗಾವಣೆ ವ್ಯವಸ್ಥೆ ನಡೆಯುವ ಬಗೆ

ಜಪಾನಿನಲ್ಲಿ ಮಾರ್ಚ್ ಕೊನೆಯ ಎರಡು ವಾರ ಮನೆ ಸಾಮಾನು ಸಾಗಿಸಲು ಲಾರಿ ಸಿಗುವುದೇ ಕಷ್ಟ. ಅಲ್ಲಿ ಏಪ್ರಿಲ್ 1ಕ್ಕೆ ಹಣಕಾಸು ವರ್ಷವೂ ಶಾಲಾ ವರ್ಷವೂ ಶುರುವಾಗುತ್ತವೆ. ಕಂಪನಿಗಳ ವರ್ಗಾವಣೆ ಪಟ್ಟಿ ಜಾರಿಗೆ ಬರುವುದೂ ಹೆಚ್ಚಾಗಿ ಅದೇ ದಿನ. 2018ರ ವಸಂತದಲ್ಲಿ ಚಾಲಕರ ಕೊರತೆಯಿಂದ ಸಾಗಣೆ ಕಂಪನಿಗಳು ಕೈಚೆಲ್ಲಿದಾಗ, ದುಡ್ಡು ಕೊಡುತ್ತೇವೆಂದರೂ ಲಾರಿ ಸಿಗದೆ ಪರದಾಡಿದ ಕುಟುಂಬಗಳಿಗೆ ಅಲ್ಲಿನ ಪತ್ರಿಕೆಗಳು 'ಸಾಗಣೆ ನಿರಾಶ್ರಿತರು' ಎಂದೇ ಹೆಸರಿಟ್ಟವು.

ಆ ಲಾರಿಗಳಲ್ಲಿ ಹೋಗುವವರಲ್ಲಿ ಅನೇಕರು ತಾವಾಗಿ ಊರು ಬಿಟ್ಟವರಲ್ಲ. ಒಸಾಕಾದಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದವರನ್ನು ಕಂಪನಿ ಸಪ್ಪೊರೊದ ಲೆಕ್ಕಪತ್ರ ವಿಭಾಗಕ್ಕೆ ಹಾಕಿರುತ್ತದೆ. ಮೂರು ವರ್ಷ ಕಳೆದ ಮೇಲೆ ಅವರನ್ನೇ ಟೋಕಿಯೋದ ಸಿಬ್ಬಂದಿ ವಿಭಾಗಕ್ಕೆ ಕರೆಸಿಕೊಳ್ಳಬಹುದು. ಹೊರಗಿನಿಂದ ನೋಡಿದವರಿಗೆ ಇದು ಎತ್ತಂಗಡಿಯ ಹಾಗೆ ಕಾಣುತ್ತದೆ. ಆದರೆ ಇದರ ಹಿಂದೆ ದಶಕಗಳಿಂದ ನಡೆದುಬಂದ ಒಂದು ಕೊಡು-ಕೊಳ್ಳುವಿಕೆ ಇದೆ: ಕಂಪನಿ ನೌಕರನನ್ನು ಕೈಬಿಡುವುದಿಲ್ಲ, ನೌಕರ ಕೆಲಸವನ್ನೂ ಊರನ್ನೂ ಆರಿಸಿಕೊಳ್ಳುವುದಿಲ್ಲ. ಆ ಒಪ್ಪಂದ ಹೇಗೆ ನಡೆಯುತ್ತದೆ, ಅದರಿಂದ ಯಾರಿಗೆ ಲಾಭ, ಅದರ ಬೆಲೆ ಯಾರು ತೆರುತ್ತಾರೆ, ಈಗ ಅದು ಎಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನು ಒಂದೊಂದಾಗಿ ನೋಡೋಣ.

ನೇಮಕ ಹುದ್ದೆಗಲ್ಲ, ಕಂಪನಿಗೆ

ಜಪಾನಿನ ದೊಡ್ಡ ಕಂಪನಿಗಳು ಪದವಿ ಮುಗಿಸಿದವರನ್ನು ವರ್ಷಕ್ಕೊಮ್ಮೆ ಒಟ್ಟಾಗಿ ನೇಮಿಸಿಕೊಳ್ಳುತ್ತವೆ. ಏಪ್ರಿಲ್ 1ರಂದು ಎಲ್ಲರಿಗೂ ಒಟ್ಟಿಗೆ ಸ್ವಾಗತ ಸಮಾರಂಭ. ಆ ದಿನಕ್ಕೂ ಅನೇಕರಿಗೆ ತಮ್ಮ ಕೆಲಸ ಯಾವುದು, ಕಚೇರಿ ಯಾವ ಊರಿನಲ್ಲಿ ಎಂಬುದು ತಿಳಿದಿರುವುದಿಲ್ಲ. ಕೆಲವು ವಾರ ಅಥವಾ ತಿಂಗಳುಗಳ ತರಬೇತಿ ಮುಗಿದ ಮೇಲೆ ಕಂಪನಿಯೇ ವಿಭಾಗವನ್ನೂ ಊರನ್ನೂ ನಿಗದಿ ಮಾಡುತ್ತದೆ. ಕಾನೂನು ಓದಿದವರು ಮಾರಾಟಕ್ಕೂ ಇತಿಹಾಸ ಓದಿದವರು ಖರೀದಿ ವಿಭಾಗಕ್ಕೂ ಹೋಗುವುದು ಅಲ್ಲಿ ಮಾಮೂಲು.

ಕಾರ್ಮಿಕ ವಿದ್ವಾಂಸ ಕೆಇಚಿರೊ ಹಮಾಗುಚಿ ಇದನ್ನು 'ಮೆಂಬರ್‌ಶಿಪ್ ಮಾದರಿ' ಎಂದು ಕರೆದರು. ಈ ಮಾದರಿಯಲ್ಲಿ ನೌಕರ ಒಂದು ಹುದ್ದೆಗೆ ಸೇರುವುದಿಲ್ಲ, ಕಂಪನಿಯ ಸದಸ್ಯನಾಗುತ್ತಾನೆ. ಸಂಬಳವೂ ಹುದ್ದೆಗೆ ಅಂಟಿಕೊಂಡಿರುವುದಿಲ್ಲ. ಸೇವಾವಧಿ ಮತ್ತು ದರ್ಜೆಯ ಮೇಲೆ ನಿಂತಿರುತ್ತದೆ. ಹಾಗಾಗಿ ಮಾರಾಟದಿಂದ ಲೆಕ್ಕಪತ್ರಕ್ಕೆ ಹೋದರೂ ಸಂಬಳ ಅಲುಗಾಡುವುದಿಲ್ಲ. ಜನರನ್ನು ಇಷ್ಟು ಸಲೀಸಾಗಿ ಕದಲಿಸಲು ಕಂಪನಿಗೆ ಸಾಧ್ಯವಾಗುವುದು ಈ ಸಂಬಳ ಪದ್ಧತಿಯಿಂದ.

ಕಾಗದದ ಮೇಲೆ ಈ ಅಧಿಕಾರ ಬರುವುದು ಕಂಪನಿಯ ಕೆಲಸದ ನಿಯಮಾವಳಿಯಿಂದ. ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿ ಕಚೇರಿಯೂ ಇಂಥ ನಿಯಮಾವಳಿ ಬರೆದು ಕಾರ್ಮಿಕ ತಪಾಸಣಾ ಕಚೇರಿಗೆ ಸಲ್ಲಿಸಬೇಕು. ಕೆಲಸದ ಅಗತ್ಯ ಬಿದ್ದಾಗ ಸ್ಥಳವನ್ನೂ ಕೆಲಸವನ್ನೂ ಬದಲಿಸಲು ಕಂಪನಿ ಆದೇಶಿಸಬಹುದು, ತಕ್ಕ ಕಾರಣವಿಲ್ಲದೆ ನೌಕರ ನಿರಾಕರಿಸುವಂತಿಲ್ಲ ಎಂಬ ಸಾಲು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಸರ್ಕಾರ ಪ್ರಕಟಿಸಿರುವ ಮಾದರಿ ನಿಯಮಾವಳಿಯಲ್ಲೇ ಅದು ಇದೆ.

ಆದೇಶ ಹೊರಡುವ ದಾರಿ

ವರ್ಗಾವಣೆಯ ಮುಖ್ಯ ಕಾಲ ಏಪ್ರಿಲ್. ಎರಡನೆಯ ಸುತ್ತು ಹಲವು ಕಂಪನಿಗಳಲ್ಲಿ ಅಕ್ಟೋಬರಿನಲ್ಲಿ. ಕೆಲವು ತಿಂಗಳು ಮೊದಲೇ ಸಿಬ್ಬಂದಿ ವಿಭಾಗ ನೌಕರರಿಂದ ಒಂದು ಸ್ವಯಂ ಹೇಳಿಕೆ ತರಿಸಿಕೊಳ್ಳುತ್ತದೆ. ಮುಂದೆ ಯಾವ ಕೆಲಸ ಇಷ್ಟ, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ, ಊರು ಬಿಡಲು ತೊಡಕೇನು ಎಂಬುದನ್ನು ಅದರಲ್ಲಿ ಬರೆಯಬಹುದು. ಆ ಹೇಳಿಕೆಗೆ ಕಂಪನಿ ಕಟ್ಟುಬಿದ್ದಿಲ್ಲ. ಆದರೂ ಅದನ್ನು ತುಂಬುವಾಗ ಸಂಕೋಚಪಟ್ಟರೆ ನಷ್ಟ ನೌಕರನಿಗೇ. ಮುಂದೆ ತಕರಾರು ಬಂದರೆ ಮನೆಯ ಕಷ್ಟ ಕಂಪನಿಗೆ ಮೊದಲೇ ಗೊತ್ತಿತ್ತು ಎನ್ನುವುದಕ್ಕೆ ಅದೇ ಆಧಾರ.

ಯಾರು ಎಲ್ಲಿಗೆ ಎಂಬುದು ಸಿಬ್ಬಂದಿ ವಿಭಾಗ ಮತ್ತು ವಿಭಾಗಗಳ ಮುಖ್ಯಸ್ಥರ ನಡುವೆ ತೀರ್ಮಾನವಾಗುತ್ತದೆ. ಒಂದು ಕುರ್ಚಿ ಖಾಲಿಯಾದರೆ ಅಲ್ಲಿಗೆ ಬರುವವರ ಕುರ್ಚಿಯನ್ನೂ ತುಂಬಬೇಕು. ಹೀಗೆ ಒಬ್ಬರ ನಿವೃತ್ತಿ ನಾಲ್ಕೈದು ಊರುಗಳಲ್ಲಿ ಸರಪಳಿಯಾಗಿ ಓಡುತ್ತದೆ. ಪಟ್ಟಿ ಸಿದ್ಧವಾದ ಮೇಲೆ ಮೇಲಧಿಕಾರಿ ನೌಕರನನ್ನು ಪ್ರತ್ಯೇಕವಾಗಿ ಕರೆದು ಬಾಯಿಮಾತಿನಲ್ಲಿ ತಿಳಿಸುತ್ತಾರೆ. ಇದಕ್ಕೆ 'ನೈಜಿ' ಎನ್ನುತ್ತಾರೆ. ಅಧಿಕೃತವಾಗುವ ತನಕ ಅದು ಗುಟ್ಟು. ಊರು ಬದಲಾಗುವುದಿದ್ದರೆ ಎರಡು ವಾರದಿಂದ ಒಂದು ತಿಂಗಳ ಮೊದಲು ನೈಜಿ ಬರುವುದು ಸಾಮಾನ್ಯ. ಆಮೇಲೆ ಬರುವ ಲಿಖಿತ ಆದೇಶವೇ 'ಜಿರೇ'.

ನೈಜಿ ಮತ್ತು ಜಿರೇ ನಡುವಿನ ದಿನಗಳಲ್ಲಿ ಮನೆ ಹುಡುಕಬೇಕು, ಮಕ್ಕಳ ಶಾಲೆ ಬದಲಿಸಬೇಕು, ಹಳೆಯ ಕೆಲಸವನ್ನು ಬೇರೊಬ್ಬರಿಗೆ ವಹಿಸಿಕೊಡಬೇಕು. ಹಾಗೆ ವಹಿಸಿಕೊಡುವುದಕ್ಕೆ 'ಹಿಕಿತ್ಸುಗಿ' ಎಂದು ಹೆಸರು. ಗ್ರಾಹಕರ ಪಟ್ಟಿ, ಅರ್ಧಕ್ಕೆ ನಿಂತ ಮಾತುಕತೆ, ಯಾರಿಗೆ ಏನು ಭರವಸೆ ಕೊಟ್ಟಿದೆ ಎಂಬುದೆಲ್ಲ ಬರಹಕ್ಕಿಳಿಯುತ್ತದೆ. ಹೊಸಬರನ್ನು ಜೊತೆಗೆ ಕರೆದುಕೊಂಡು ಹೋಗಿ ಗ್ರಾಹಕರಿಗೆ ಪರಿಚಯಿಸುವುದೂ ಇದರ ಭಾಗ. ಜಪಾನಿ ಕಚೇರಿಗಳಲ್ಲಿ ಕಡತ, ಟಿಪ್ಪಣಿ, ಕೈಪಿಡಿಗಳ ಮೇಲೆ ಇಷ್ಟು ಒತ್ತು ಇರುವುದಕ್ಕೆ ಇದೂ ಒಂದು ಕಾರಣ: ಮೂರು ವರ್ಷಕ್ಕೆ ಕುರ್ಚಿ ಬಿಡುವವರು ವಿಷಯವನ್ನು ತಲೆಯಲ್ಲೇ ಇಟ್ಟುಕೊಂಡರೆ ಕಚೇರಿ ನಡೆಯದು.

ಮೂರು ಬಗೆ, ಮೂರು ಪರಿಣಾಮ

ಎಲ್ಲ ವರ್ಗಾವಣೆಯೂ ಒಂದೇ ಅಲ್ಲ. ಮೊದಲನೆಯದು ಅದೇ ಊರಿನಲ್ಲಿ ಕೆಲಸ ಅಥವಾ ವಿಭಾಗ ಮಾತ್ರ ಬದಲಾಗುವುದು. ಕಾರ್ಖಾನೆಯಲ್ಲಿ ಇದರ ಚಿಕ್ಕ ರೂಪ ಕಾಣಸಿಗುತ್ತದೆ. ಟೊಯೋಟಾ ಪದ್ಧತಿಯಲ್ಲಿ ಒಂದೇ ತಂಡದ ಕೆಲಸಗಾರರು ಒಂದೇ ಪಾಳಿಯಲ್ಲಿ ಹಲವು ಬಾರಿ ಜಾಗ ಬದಲಿಸುತ್ತಾರೆ. ಒಂದೇ ಚಲನೆಯಿಂದ ಭುಜ, ಬೆನ್ನು ಸವೆಯುವುದು ತಪ್ಪುತ್ತದೆ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಆ ಜಾಗದಲ್ಲಿ ನಿಲ್ಲಬಲ್ಲರು. ಯಾರಿಗೆ ಯಾವ ಕೆಲಸ ಬರುತ್ತದೆ ಎಂಬ ಪಟ್ಟಿಯನ್ನು ತಂಡದ ಮುಖ್ಯಸ್ಥರು ಇಟ್ಟಿರುತ್ತಾರೆ.

ಎರಡನೆಯದು 'ತೆಂಕಿನ್', ಅಂದರೆ ಊರೇ ಬದಲಾಗುವ ವರ್ಗಾವಣೆ. ಸಾಗಣೆ ವೆಚ್ಚವನ್ನು ಸಾಮಾನ್ಯವಾಗಿ ಕಂಪನಿಯೇ ಕೊಡುತ್ತದೆ. ಅನೇಕ ಕಂಪನಿಗಳು ಕಡಿಮೆ ಬಾಡಿಗೆಗೆ ತಮ್ಮ ಮನೆಯನ್ನೂ ಒದಗಿಸುತ್ತವೆ.

ಮೂರನೆಯದು 'ಶುಕ್ಕೋ'. ನೌಕರ ಮೂಲ ಕಂಪನಿಯಲ್ಲೇ ಇದ್ದುಕೊಂಡು ಅಂಗಸಂಸ್ಥೆಯಲ್ಲೋ ಬೇರೆ ಕಂಪನಿಯಲ್ಲೋ ಕೆಲಸ ಮಾಡುತ್ತಾನೆ. ಕೆಲವೊಮ್ಮೆ ಇದು ಅನುಭವ ಗಳಿಸುವ ದಾರಿ, ಕೆಲವೊಮ್ಮೆ ವಯಸ್ಸಾದ ವ್ಯವಸ್ಥಾಪಕರನ್ನು ಪಕ್ಕಕ್ಕೆ ಸರಿಸುವ ದಾರಿ. 2013ರಲ್ಲಿ ಟಿಬಿಎಸ್ ವಾಹಿನಿಯ 'ಹಾನ್‌ಜಾವಾ ನಾಒಕಿ' ಧಾರಾವಾಹಿಯ ಕೊನೆಯ ಕಂತಿನಲ್ಲಿ ಬ್ಯಾಂಕಿನ ಅಕ್ರಮ ಬಯಲಿಗೆಳೆದ ನಾಯಕನಿಗೆ ಬಡ್ತಿಯ ಬದಲು ಶುಕ್ಕೋ ಆದೇಶ ಸಿಗುತ್ತದೆ. ಟೋಕಿಯೋ ಪ್ರದೇಶದಲ್ಲಿ ಆ ಕಂತಿನ ವೀಕ್ಷಣೆ ಪ್ರಮಾಣ ಶೇ. 42 ದಾಟಿತ್ತು. ಆ ಒಂದು ಆದೇಶ ನೌಕರನ ಬದುಕಿಗೆ ಏನು ಮಾಡುತ್ತದೆ ಎಂದು ಜಪಾನಿನ ವೀಕ್ಷಕರಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಮೂಲ ಕಂಪನಿಯ ನಂಟನ್ನೇ ಕಡಿದು ಬೇರೆ ಕಂಪನಿಗೆ ಪೂರ್ತಿ ಸೇರಿಸುವುದು ಇನ್ನೂ ಮುಂದಿನ ಹಂತ. ಅದಕ್ಕೆ ಮಾತ್ರ ನೌಕರನ ಒಪ್ಪಿಗೆ ಬೇಕೇ ಬೇಕು.

ಕಂಪನಿಗೆ ಇದರಿಂದ ಏನು ಲಾಭ

ಸರ್ಕಾರಿ ಕಾರ್ಮಿಕ ಸಂಶೋಧನಾ ಸಂಸ್ಥೆ ಕೇಳಿದಾಗ ಕಂಪನಿಗಳು ವರ್ಗಾವಣೆಗೆ ಕೊಟ್ಟ ಮೊದಲ ಕಾರಣ ಸಿಬ್ಬಂದಿಯನ್ನು ಬೆಳೆಸುವುದು. ಇದರಲ್ಲಿ ನಿಜವಿದೆ. ಮಾರಾಟದಲ್ಲಿ ಕೆಲಸ ಮಾಡಿದವರು ವಿನ್ಯಾಸ ವಿಭಾಗಕ್ಕೆ ಬಂದರೆ ಗ್ರಾಹಕರ ದೂರುಗಳನ್ನು ಹೊತ್ತು ತರುತ್ತಾರೆ. ಕಾರ್ಖಾನೆಯಲ್ಲಿದ್ದವರು ಖರೀದಿಗೆ ಹೋದರೆ ಯಾವ ಬಿಡಿಭಾಗ ಎಲ್ಲಿ ಕೈಕೊಡುತ್ತದೆಂದು ಅವರಿಗೆ ಗೊತ್ತಿರುತ್ತದೆ. ಇಕುಜಿರೊ ನೊನಾಕಾ ಮತ್ತು ಹಿರೊತಾಕಾ ತಾಕೆಉಚಿ 1995ರ ತಮ್ಮ ಪುಸ್ತಕದಲ್ಲಿ, ಬೇರೆ ಬೇರೆ ವಿಭಾಗಗಳಲ್ಲಿ ಜನರನ್ನು ಯೋಚಿಸಿ ಸುತ್ತಿಸುವುದು ಕಂಪನಿಯೊಳಗೆ ಹೊಸ ಜ್ಞಾನ ಹುಟ್ಟಲು ನೆರವಾಗುತ್ತದೆ ಎಂದು ವಾದಿಸಿದರು. ಅರ್ಥಶಾಸ್ತ್ರಜ್ಞ ಕಜುವೊ ಕೊಇಕೆ ಇದಕ್ಕೊಂದು ಮುಖ್ಯ ವಿವರ ಸೇರಿಸಿದರು: ನೌಕರನ ಕುಶಲತೆ ಬೆಳೆಯುವುದು ಒಂದಕ್ಕೊಂದು ಹತ್ತಿರವಿರುವ ಕೆಲಸಗಳನ್ನು ದಾಟುತ್ತ ಹೋದಾಗ. ಗೊತ್ತುಗುರಿಯಿಲ್ಲದೆ ಕುರ್ಚಿ ಬದಲಿಸಿದರೆ ಆ ಲಾಭ ಸಿಗದು.

ಬ್ಯಾಂಕುಗಳಿಗೆ ಇನ್ನೊಂದು ಕಾರಣವಿದೆ. ಒಬ್ಬ ಅಧಿಕಾರಿ ಒಂದೇ ಶಾಖೆಯಲ್ಲಿ ಬಹುಕಾಲ ಕೂತರೆ ಸಾಲಗಾರರ ಜೊತೆ ಸಲುಗೆ ಬೆಳೆಯುತ್ತದೆ, ಲೆಕ್ಕದಲ್ಲಿ ಮಾಡಿದ ಮೋಸ ಮುಚ್ಚಿಹೋಗುತ್ತದೆ. ಎರಡು ಮೂರು ವರ್ಷಕ್ಕೆ ಹೊಸಬರು ಬಂದು ಕಡತ ತೆರೆದರೆ ಅದು ಹೊರಬೀಳುತ್ತದೆ.

ಎಲ್ಲಕ್ಕಿಂತ ಆಳದ ಕಾರಣ ನೌಕರಿಯ ಭದ್ರತೆ. ಜಪಾನಿನಲ್ಲಿ ಕಾಯಂ ನೌಕರನನ್ನು ವಜಾ ಮಾಡುವುದು ಸುಲಭವಲ್ಲ. ಸರಿಯಾದ ಕಾರಣವಿಲ್ಲದ ವಜಾ ಊರ್ಜಿತವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1975ರಲ್ಲಿ ಹೇಳಿತು. ಈಗ ಅದು 2007ರ ಕಾರ್ಮಿಕ ಒಪ್ಪಂದ ಕಾಯ್ದೆಯಲ್ಲೇ ಇದೆ. ನಷ್ಟದ ನೆಪದಲ್ಲಿ ಜನರನ್ನು ತೆಗೆಯುವ ಕಂಪನಿಗೆ ನ್ಯಾಯಾಲಯ ಕೇಳುವ ಪ್ರಶ್ನೆಗಳಲ್ಲಿ ಒಂದು: ವಜಾ ತಪ್ಪಿಸಲು ಬೇರೆ ಊರಿಗೋ ಬೇರೆ ವಿಭಾಗಕ್ಕೋ ವರ್ಗ ಮಾಡಲು ಪ್ರಯತ್ನಿಸಿದಿರಾ? ಹೀಗೆ ವರ್ಗಾವಣೆಯ ಅಧಿಕಾರ ಮತ್ತು ಕೆಲಸದ ರಕ್ಷಣೆ ಕಾನೂನಿನಲ್ಲೇ ಒಂದಕ್ಕೊಂದು ಹೆಣೆದುಕೊಂಡಿವೆ.

ಇದು ಕಷ್ಟಕಾಲದಲ್ಲಿ ಕೈಹಿಡಿದದ್ದೂ ಉಂಟು. 1960ರ ದಶಕದಲ್ಲಿ ಉಕ್ಕು ಉದ್ಯಮದ ಕೇಂದ್ರ ಸರಿದಾಗ, ಕ್ಯೂಷು ದ್ವೀಪದ ಯಾವಾತಾದಿಂದ ಟೋಕಿಯೋ ಕೊಲ್ಲಿಯ ಕಿಮಿತ್ಸು ಕಾರ್ಖಾನೆಗೆ ಸಾವಿರಾರು ಕಾರ್ಮಿಕರು ಕುಟುಂಬ ಸಮೇತ ಹೋದರು. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತಾಗ ಎಎನ್ಎ ವಿಮಾನ ಸಂಸ್ಥೆ ತನ್ನ ನೂರಾರು ಸಿಬ್ಬಂದಿಯನ್ನು ನೊಜಿಮಾ ಎಂಬ ಎಲೆಕ್ಟ್ರಾನಿಕ್ಸ್ ಮಳಿಗೆಗಳಿಗೆ, ಸೇಜೊ ಇಶಿಯಿ ದಿನಸಿ ಮಳಿಗೆಗಳಿಗೆ, ಸ್ಥಳೀಯ ಸರ್ಕಾರಗಳಿಗೆ ಶುಕ್ಕೋ ಮೇಲೆ ಕಳಿಸಲು ಏರ್ಪಾಡು ಮಾಡಿತು. ಗಗನಸಖಿಯರು ಅಂಗಡಿಯಲ್ಲಿ ನಿಂತರು, ಆದರೆ ಅವರ ನೌಕರಿ ಉಳಿಯಿತು.

ಒಲ್ಲೆ ಎಂದರೆ?

ಈ ಪ್ರಶ್ನೆಗೆ ಇಂದಿಗೂ ಆಧಾರವಾಗಿರುವುದು 1986ರ ಜುಲೈ 14ರ ತೋಆ ಪೇಂಟ್ ತೀರ್ಪು. ಕೋಬೆ ಕಚೇರಿಯ ಒಬ್ಬ ಮಾರಾಟ ನೌಕರನನ್ನು ಕಂಪನಿ ಮೊದಲು ಹಿರೋಶಿಮಾಗೆ, ಅವನು ಒಪ್ಪದಿದ್ದಾಗ ನಗೋಯಾಗೆ ಹಾಕಿತು. ಮನೆಯಲ್ಲಿ 71 ವರ್ಷದ ತಾಯಿ, ಶಿಶುವಿಹಾರದಲ್ಲಿ ದುಡಿಯುವ ಹೆಂಡತಿ, ಎರಡು ವರ್ಷದ ಮಗಳು. ಅವನು ಹೋಗಲಿಲ್ಲ, ಕಂಪನಿ ಶಿಸ್ತು ಕ್ರಮವಾಗಿ ವಜಾ ಮಾಡಿತು. ಕೆಳಗಿನ ನ್ಯಾಯಾಲಯಗಳು ನೌಕರನ ಪರ ನಿಂತರೂ ಸರ್ವೋಚ್ಚ ನ್ಯಾಯಾಲಯ ಕಂಪನಿಯ ಕಡೆ ತೀರ್ಪು ಕೊಟ್ಟಿತು. ವರ್ಗಾವಣೆ ಅಧಿಕಾರದ ದುರ್ಬಳಕೆ ಎನಿಸುವುದು ಮೂರು ಸಂದರ್ಭಗಳಲ್ಲಿ: ಕೆಲಸದ ಅಗತ್ಯವೇ ಇಲ್ಲದಿದ್ದಾಗ, ಹಿಂದೆ ದುರುದ್ದೇಶವಿದ್ದಾಗ, ಅಥವಾ ನೌಕರ ಸಾಮಾನ್ಯವಾಗಿ ಸಹಿಸಬೇಕಾದ ಮಟ್ಟವನ್ನು ಬಹಳವಾಗಿ ಮೀರಿದ ತೊಂದರೆಯಾದಾಗ. ಅಗತ್ಯವೆಂದರೆ ಆ ಜಾಗಕ್ಕೆ ಆ ವ್ಯಕ್ತಿಯೇ ಬೇಕು ಎಂದಾಗಬೇಕಿಲ್ಲ. ಕಂಪನಿಯ ಸುಗಮ ನಡಿಗೆಗೆ ಅನುಕೂಲವಾದರೆ ಸಾಕು. ಹೆಂಡತಿ ಮಕ್ಕಳಿಂದ ದೂರ ಇರುವುದು 'ಸಹಿಸಬೇಕಾದ' ತೊಂದರೆಗಳ ಸಾಲಿಗೆ ಸೇರಿಹೋಯಿತು.

2000ದಲ್ಲಿ ಕೆನ್‌ವುಡ್ ಪ್ರಕರಣದಲ್ಲೂ ಹೀಗೇ ಆಯಿತು. ಚಿಕ್ಕ ಮಗುವಿದ್ದ ತಾಯಿಯೊಬ್ಬರನ್ನು ಟೋಕಿಯೋ ನಗರದ ಮೆಗುರೊದಿಂದ ದೂರದ ಹಾಚಿಓಜಿಗೆ ಹಾಕಿದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಕರೆತರುವ ಹೊತ್ತಿಗೆ ಅಷ್ಟು ದೂರ ಓಡಾಡಲಾಗದು ಎಂಬ ಅವರ ಅಹವಾಲು ಸಾಕಾಗಲಿಲ್ಲ.

ಆಮೇಲೆ ಗಾಳಿ ನಿಧಾನವಾಗಿ ತಿರುಗಿತು. 2002ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಮಕ್ಕಳ ಪಾಲನೆ ಅಥವಾ ಹಿರಿಯರ ಆರೈಕೆಗೆ ಕಷ್ಟವಾಗುವಂತಿದ್ದರೆ ವರ್ಗ ಮಾಡುವಾಗ ಕಂಪನಿ ಅದನ್ನು ಗಮನಕ್ಕೆ ತೆಗೆದುಕೊಳ್ಳಲೇಬೇಕು. 2006ರಲ್ಲಿ ಒಸಾಕಾ ಉಚ್ಚ ನ್ಯಾಯಾಲಯ, ಕುಟುಂಬದವರ ಆರೈಕೆಯ ಹೊಣೆ ಹೊತ್ತಿದ್ದ ನೆಸ್ಲೆ ಜಪಾನಿನ ಹಿಮೇಜಿ ಕಾರ್ಖಾನೆಯ ನೌಕರರನ್ನು ದೂರದ ಇಬರಾಕಿಗೆ ಹಾಕಿದ ಆದೇಶ ಊರ್ಜಿತವಲ್ಲ ಎಂದಿತು. ಒಲಿಂಪಸ್ ಕಂಪನಿಯಲ್ಲಿ ಒಳಗಿನ ತಪ್ಪನ್ನು ವರದಿ ಮಾಡಿದ ನೌಕರನನ್ನು ಸೇಡಿಗಾಗಿ ಬೇರೆ ವಿಭಾಗಕ್ಕೆ ಎಸೆದ ಪ್ರಕರಣದಲ್ಲಿ 2011ರಲ್ಲಿ ಟೋಕಿಯೋ ಉಚ್ಚ ನ್ಯಾಯಾಲಯ ಕೊಟ್ಟ ನೌಕರಪರ ತೀರ್ಪು 2012ರಲ್ಲಿ ಅಂತಿಮವಾಯಿತು.

ಬೆಲೆ ತೆತ್ತವರು

ಕಂಪನಿ ಮತ್ತು ನೌಕರನ ನಡುವಿನ ಈ ಒಪ್ಪಂದದಲ್ಲಿ ಮೂರನೆಯವರೊಬ್ಬರು ಇದ್ದರು. ಅವರ ಸಹಿ ಎಲ್ಲಿಯೂ ಇರಲಿಲ್ಲ. ಅವರು ನೌಕರನ ಹೆಂಡತಿ. ಗಂಡನಿಗೆ ವರ್ಗವಾದಾಗಲೆಲ್ಲ ಮನೆ ಸಾಮಾನು ಕಟ್ಟಿ ಬಿಚ್ಚಿ, ಮಕ್ಕಳನ್ನು ಹೊಸ ಶಾಲೆಗೆ ಹೊಂದಿಸಿ, ತಮ್ಮ ಕೆಲಸ ಬಿಟ್ಟವರು ಅವರೇ. ಮಕ್ಕಳು ಪ್ರೌಢಶಾಲೆಗೆ ಬಂದ ಮೇಲೆ ಪ್ರವೇಶ ಪರೀಕ್ಷೆಯ ಕಾರಣಕ್ಕೆ ಊರು ಬಿಡುವುದು ಕಷ್ಟ. ಸ್ವಂತ ಮನೆಗೆ ಸಾಲ ಮಾಡಿದ್ದರೆ ಇನ್ನೂ ಕಷ್ಟ. ಆಗ ಗಂಡ ಒಬ್ಬನೇ ಹೋಗುತ್ತಾನೆ. ಇದಕ್ಕೆ 'ತನ್‌ಶಿನ್ ಫುನಿನ್' ಎನ್ನುತ್ತಾರೆ. ಕಂಪನಿ ಭತ್ಯೆ ಕೊಡುತ್ತದೆ, ಅನೇಕ ಕಡೆ ತಿಂಗಳಿಗೊಮ್ಮೆ ಮನೆಗೆ ಹೋಗಿಬರುವ ಖರ್ಚನ್ನೂ ಕೊಡುತ್ತದೆ. ತಂದೆ ಮಕ್ಕಳೊಂದಿಗೆ ಕಳೆಯಬೇಕಿದ್ದ ವರ್ಷಗಳನ್ನು ಮಾತ್ರ ಯಾವ ಭತ್ಯೆಯೂ ತುಂಬಿಕೊಡುವುದಿಲ್ಲ.

1986ರಲ್ಲಿ ಸಮಾನ ಉದ್ಯೋಗಾವಕಾಶ ಕಾಯ್ದೆ ಜಾರಿಯಾದಾಗ ಅನೇಕ ಕಂಪನಿಗಳು ನೌಕರರನ್ನು ಎರಡು ಸಾಲಾಗಿ ವಿಂಗಡಿಸಿದವು. 'ಸೋಗೋಶೊಕು' ಸಾಲಿನವರಿಗೆ ಬಡ್ತಿಯ ದಾರಿ ತೆರೆದಿರುತ್ತದೆ, ಆದರೆ ಎಲ್ಲಿಗೆ ಹಾಕಿದರೂ ಹೋಗಬೇಕು. 'ಇಪ್ಪಾನ್‌ಶೊಕು' ಸಾಲಿನವರು ಊರಲ್ಲೇ ಇರಬಹುದು. ಸಂಬಳ, ಬಡ್ತಿ ಎರಡೂ ಕಡಿಮೆ. ಎರಡನೆಯ ಸಾಲು ಬಹುಪಾಲು ಮಹಿಳೆಯರಿಂದಲೇ ತುಂಬಿತು. ಲಿಂಗಭೇದವೆಂದು ಯಾರೂ ಬರೆಯಲಿಲ್ಲ. ವರ್ಗಾವಣೆಯ ಷರತ್ತೇ ಆ ಕೆಲಸ ಮಾಡಿತು. 2007ರಿಂದ, ತಕ್ಕ ಕಾರಣವಿಲ್ಲದೆ ಸೋಗೋಶೊಕು ನೇಮಕಕ್ಕೆ ಇಂಥ ಷರತ್ತು ಹಾಕುವುದನ್ನು ಕಾನೂನು ಪರೋಕ್ಷ ತಾರತಮ್ಯವೆಂದು ಪರಿಗಣಿಸುತ್ತದೆ. 2014ರಲ್ಲಿ ಈ ನಿಯಮವನ್ನು ಎಲ್ಲ ನೌಕರರ ನೇಮಕ, ಬಡ್ತಿಗಳಿಗೂ ವಿಸ್ತರಿಸಲಾಯಿತು.

ಬಿರುಕು ಬಿಟ್ಟದ್ದು ಎಲ್ಲಿ

1980ರಲ್ಲಿ ಗಂಡ ಮಾತ್ರ ಸಂಬಳ ತರುವ ಮನೆಗಳು ಸುಮಾರು 1.1 ಕೋಟಿ, ಇಬ್ಬರೂ ದುಡಿಯುವ ಮನೆಗಳು ಸುಮಾರು 61 ಲಕ್ಷ. ಈಗ ಲೆಕ್ಕ ತಿರುಗಿದೆ: ಇಬ್ಬರೂ ದುಡಿಯುವ ಮನೆಗಳು 1.2 ಕೋಟಿ ದಾಟಿವೆ, ಗಂಡ ಮಾತ್ರ ದುಡಿಯುವವು ಅದರ ಅರ್ಧಕ್ಕೂ ಕಡಿಮೆ. ಹೆಂಡತಿ ಎಲ್ಲ ಬಿಟ್ಟು ಹಿಂದೆ ಬರುತ್ತಾಳೆ ಎಂಬ ನಂಬಿಕೆಯ ಮೇಲೆ ನಿಂತಿದ್ದ ವ್ಯವಸ್ಥೆಗೆ ತಳವೇ ಸರಿದಿದೆ. ದುಡಿಯುವ ವಯಸ್ಸಿನ ಜನ ಕಡಿಮೆಯಾಗುತ್ತಿರುವ ದೇಶದಲ್ಲಿ ಯುವಕರು ಆರಿಸಿಕೊಳ್ಳುವ ಸ್ಥಿತಿಯಲ್ಲಿದ್ದಾರೆ. ಎಲ್ಲಿಗೆ ಹಾಕುತ್ತಾರೋ ತಿಳಿಯದ ಕಂಪನಿಯನ್ನು ಅನೇಕರು ಮೊದಲೇ ಪಟ್ಟಿಯಿಂದ ತೆಗೆದುಹಾಕುತ್ತಾರೆ.

ಕಂಪನಿಗಳೂ ದಾರಿ ಹುಡುಕುತ್ತಿವೆ. 64 ಪ್ರಾದೇಶಿಕ ಬ್ಯಾಂಕುಗಳು ಸೇರಿ 2015ರಲ್ಲಿ ಒಂದು ಏರ್ಪಾಡು ಮಾಡಿಕೊಂಡವು. ಅದು ಸಂಗಾತಿಗೆ ವರ್ಗವಾಗಿ ಊರು ಬಿಡುವ ನೌಕರರನ್ನು ಆ ಹೊಸ ಊರಿನ ಬ್ಯಾಂಕಿಗೆ ಪರಿಚಯಿಸಿ ಕೆಲಸ ಮುಂದುವರಿಸಲು ನೆರವಾಗುತ್ತದೆ. ಕ್ಯಾಲ್ಬೀ ತಿಂಡಿ ಕಂಪನಿ 2020ರಲ್ಲಿ, ದೂರದಿಂದ ಮಾಡಬಹುದಾದ ಕೆಲಸವಿದ್ದರೆ ತನ್‌ಶಿನ್ ಫುನಿನ್ ಕೈಬಿಡಬಹುದು ಎಂದಿತು. ಎನ್‌ಟಿಟಿ ಸಮೂಹ 2022ರ ಜುಲೈನಿಂದ ಸುಮಾರು 30,000 ನೌಕರರಿಗೆ ಮನೆಯನ್ನೇ ಕೆಲಸದ ಸ್ಥಳವೆಂದು ನಿಗದಿಪಡಿಸಿತು.

2024ರ ಏಪ್ರಿಲ್‌ನಲ್ಲಿ ಎರಡು ದೊಡ್ಡ ಬದಲಾವಣೆಗಳಾದವು. ಅಂದಿನಿಂದ ನೇಮಕದ ಷರತ್ತು ಪತ್ರದಲ್ಲಿ ಮೊದಲ ಕೆಲಸ, ಮೊದಲ ಸ್ಥಳದ ಜೊತೆಗೆ ಮುಂದೆ ಅವು ಎಲ್ಲಿಯವರೆಗೆ ಬದಲಾಗಬಹುದು ಎಂಬುದನ್ನೂ ಬರೆಯುವುದು ಕಡ್ಡಾಯ. ಅದೇ ತಿಂಗಳ 26ರಂದು ಸರ್ವೋಚ್ಚ ನ್ಯಾಯಾಲಯ ಶಿಗಾ ಪ್ರಾಂತ್ಯದ ಸಮಾಜ ಕಲ್ಯಾಣ ಮಂಡಳಿಯ ಪ್ರಕರಣದಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಅಂಗವಿಕಲರಿಗೆ ಮತ್ತು ವೃದ್ಧರಿಗೆ ಬೇಕಾದ ಸಲಕರಣೆಗಳನ್ನು ಮಾರ್ಪಡಿಸುವ ತಂತ್ರಜ್ಞನಾಗಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಸಾಮಾನ್ಯ ಆಡಳಿತ ವಿಭಾಗಕ್ಕೆ ಹಾಕಲಾಗಿತ್ತು. ಒಂದು ಬಗೆಯ ಕೆಲಸಕ್ಕೆ ಸೀಮಿತವೆಂಬ ಒಪ್ಪಂದವಿದ್ದರೆ, ನೌಕರನ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ವರ್ಗ ಮಾಡುವ ಅಧಿಕಾರವೇ ಇಲ್ಲ ಎಂದಿತು ನ್ಯಾಯಾಲಯ.

ಜಪಾನಿ ಕಂಪನಿ ಸೇರುವ ನಮ್ಮವರು ನೋಡಬೇಕಾದ್ದು

ಜಪಾನಿಗೆ ಕೆಲಸಕ್ಕೆ ಹೋಗುವ ಇಂಜಿನಿಯರುಗಳು ಸಹಿ ಹಾಕುವ ಮೊದಲು ಷರತ್ತು ಪತ್ರದ 'ಬದಲಾವಣೆಯ ವ್ಯಾಪ್ತಿ' ಎಂಬ ಸಾಲನ್ನು ಓದಬೇಕು. 'ಕಂಪನಿ ನಿಗದಿಪಡಿಸುವ ಎಲ್ಲ ಕಚೇರಿ, ಎಲ್ಲ ಕೆಲಸ' ಎಂದಿದ್ದರೆ ಅದು ಬಾಯಿಮಾತಲ್ಲ. ಊರಿಗೋ ಕೆಲಸಕ್ಕೋ ಮಿತಿ ಬೇಕಿದ್ದರೆ ಅದನ್ನು ಬರಹದಲ್ಲಿ ಪಡೆಯಬೇಕು. ಹಾಗೆ ಪಡೆದಾಗ, ಆ ಶಾಖೆ ಅಥವಾ ಆ ಕೆಲಸವೇ ಮುಚ್ಚಿಹೋದರೆ ರಕ್ಷಣೆ ಸ್ವಲ್ಪ ತೆಳುವಾಗಬಹುದು ಎಂಬುದೂ ನೆನಪಿರಲಿ. ವೀಸಾ ವಿಷಯದಲ್ಲೂ ಎಚ್ಚರ ಬೇಕು. ತಂತ್ರಜ್ಞರ ವೀಸಾದಲ್ಲಿ ಯಾವ ಬಗೆಯ ಕೆಲಸ ಮಾಡಬಹುದು ಎಂಬುದಕ್ಕೆ ಮಿತಿಯಿದೆ. ಜಪಾನಿ ಹೊಸಬರಂತೆಯೇ ತರಬೇತಿಗಾಗಿ ಕೆಲಕಾಲ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ನಿಲ್ಲುವುದು ಒಂದು, ವರ್ಷಗಟ್ಟಲೆ ಅಲ್ಲೇ ಉಳಿಯುವುದು ಇನ್ನೊಂದು.

ಕರ್ನಾಟಕದಲ್ಲೇ ಜಪಾನಿ ಕಂಪನಿಗಳ ಜೊತೆ ಕೆಲಸ ಮಾಡುವವರಿಗೂ ಇದು ಸಂಬಂಧಿಸಿದ್ದೇ. ಬಿಡದಿಯ ಟೊಯೋಟಾ, ನರಸಾಪುರದ ಹೋಂಡಾದಂಥ ಕಾರ್ಖಾನೆಗಳಿಗೆ ಜಪಾನಿನಿಂದ ಬರುವ ಅಧಿಕಾರಿಗಳು ಸಾಮಾನ್ಯವಾಗಿ ಕೆಲವೇ ವರ್ಷ ಇದ್ದು ಹಿಂತಿರುಗುತ್ತಾರೆ. ಬಿಡಿಭಾಗ ಒದಗಿಸುವವರು ಒಬ್ಬರೇ ಅಧಿಕಾರಿಯ ಮಾತನ್ನು ನೆಚ್ಚಿಕೊಂಡರೆ, ಅವರು ಹೋದ ಮೇಲೆ ಮಾತುಕತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಪ್ಪಿದ್ದನ್ನು ಸಭೆಯ ಟಿಪ್ಪಣಿಯಲ್ಲಿ ಸೇರಿಸಿ. ಬದಲಿ ಅಧಿಕಾರಿ ಬರುವಾಗ ಹಿಕಿತ್ಸುಗಿಯಲ್ಲಿ ನಿಮ್ಮ ವಿಷಯ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಅದು ಅವರಿಗೂ ಪರಿಚಿತವಾದ ಪದ್ಧತಿಯೇ.

ಈ ವ್ಯವಸ್ಥೆಯಲ್ಲಿ ಉಳಿಯಬೇಕಾದ್ದೂ ಇದೆ, ಹೋಗಬೇಕಾದ್ದೂ ಇದೆ. ಒಂದೇ ಕುರ್ಚಿಗೆ ಅಂಟಿಕೊಳ್ಳದೆ ಹತ್ತಿರದ ಕೆಲಸಗಳನ್ನು ಕಲಿಯುತ್ತ ಹೋಗುವುದು ನೌಕರನಿಗೂ ಕಂಪನಿಗೂ ಒಳ್ಳೆಯದು. ವಜಾ ಮಾಡುವ ಮೊದಲು ಬೇರೆ ಜಾಗ ಹುಡುಕಬೇಕೆಂಬ ನಿಯಮ ಮಾನವೀಯವಾದದ್ದು. ಅದನ್ನು ಜಪಾನ್ ಕಳೆದುಕೊಳ್ಳಬಾರದು. ಆದರೆ ಕೆಲಸ ಬದಲಿಸುವುದಕ್ಕೂ ಮನೆ ಬದಲಿಸುವುದಕ್ಕೂ ಅಂತರವಿದೆ. ಊರು ಬಿಡುವ ಆದೇಶ ಇಡೀ ಕುಟುಂಬದ ಮೇಲೆ ಬೀಳುತ್ತದೆ, ಆದ್ದರಿಂದ ಅದಕ್ಕೆ ಕುಟುಂಬದ ಒಪ್ಪಿಗೆ ಬೇಕು. ನೌಕರಿಯ ಭದ್ರತೆಯನ್ನು ಉಳಿಸಿಕೊಂಡೇ ಇದನ್ನು ಮಾಡಲು ಸಾಧ್ಯ ಎಂದು ಅಲ್ಲಿನ ಕೆಲವು ಕಂಪನಿಗಳು ಈಗಾಗಲೇ ತೋರಿಸುತ್ತಿವೆ. ಉಳಿದವು ಆ ದಾರಿಗೆ ಎಷ್ಟು ಬೇಗ ಬರುತ್ತವೋ ಅಷ್ಟು ಮನೆಗಳು ಒಟ್ಟಿಗೆ ಉಳಿಯುತ್ತವೆ.